ಜಿಪ್‌ಲೈನ್ ಏರುವವರನ್ನು ತೂಕ ಹಾಕುವುದೇಕೆ?

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದ ಓದುಗರೊಬ್ಬರು ಅಲ್ಲಿಂದ ಮನೆಮಂದಿಯೊಂದಿಗೆ ಪೋರ್ಟೊ ರಿಕೊ ದ್ವೀಪ ನೋಡಿ ಬಂದು ಒಂದು ಪ್ರಶ್ನೆ ಕಳಿಸಿದ್ದಾರೆ: "ಜಿಪ್‌ಲೈನ್ ಏರುವ ಮೊದಲು ಒಬ್ಬೊಬ್ಬರನ್ನೂ ತೂಕ ಹಾಕಿದರು. ಮೊಮ್ಮಗಳನ್ನು ಒಬ್ಬಳೇ ಬಿಡದೆ ಗೈಡ್ ಜೊತೆ ಕಟ್ಟಿ ಕಳಿಸಿದರು. ಭಾರದ್ದೂ ಹಗುರದ್ದೂ ಒಂದೇ ವೇಗದಲ್ಲಿ ಬೀಳುತ್ತವೆ ಎಂದಲ್ಲವೇ ನಾವು ಶಾಲೆಯಲ್ಲಿ ಕಲಿತದ್ದು?"

ಶಾಲೆಯಲ್ಲಿ ಕಲಿತದ್ದು ಸರಿಯೇ, ಆದರೆ ಅದು ಗಾಳಿಯಿಲ್ಲದ ಜಾಗದ ಮಾತು. ಜಿಪ್‌ಲೈನಿನಲ್ಲಿ ಎತ್ತರದಿಂದ ತಗ್ಗಿಗೆ ಕಟ್ಟಿದ ತಂತಿಗೆ ತೂಗಿಕೊಂಡು ಜಾರುತ್ತೇವೆ. ಒಟ್ಟು 20 ಮೀಟರ್ ಕೆಳಕ್ಕಿಳಿಯುವ ತಂತಿಯ ಮೇಲೆ ಗಾಳಿಯೂ ಘರ್ಷಣೆಯೂ ಇಲ್ಲದಿದ್ದರೆ ಯಾರೇ ಜಾರಿದರೂ ಕೊನೆಯಲ್ಲಿ ಗಂಟೆಗೆ 71 ಕಿಲೋಮೀಟರ್ ವೇಗ ಮುಟ್ಟಬೇಕು. ನಿಜದಲ್ಲಿ ಗಾಳಿ ಎದುರು ನಿಲ್ಲುತ್ತದೆ. ಅದರ ತಡೆ ನಮ್ಮ ಮೈಯ ಅಗಲವನ್ನು ನೋಡುತ್ತದೆಯೇ ಹೊರತು ತೂಕವನ್ನಲ್ಲ. 40 ಕಿಲೋ ಹುಡುಗಿಗಿಂತ 80 ಕಿಲೋ ಅಪ್ಪ ಎರಡು ಪಟ್ಟು ಭಾರ, ಆದರೆ ಗಾಳಿಗೆ ಒಡ್ಡುವ ಮೈ ಹೆಚ್ಚೆಂದರೆ ಒಂದೂವರೆ ಪಟ್ಟು ಚಿಲ್ಲರೆ. ಹೀಗಾಗಿ ಉದ್ದನೆಯ ತಂತಿಯಲ್ಲಿ ಅಪ್ಪನ ವೇಗ ಸುಮಾರು ನೂರಕ್ಕೆ 12ರಷ್ಟು ಹೆಚ್ಚು. ಇದೇನು ಮಹಾ ಎನಿಸಬಹುದು. ಆದರೆ ಬ್ರೇಕ್ ತಡೆದುಕೊಳ್ಳಬೇಕಾದ ಶಕ್ತಿಯ ಲೆಕ್ಕದಲ್ಲಿ ತೂಕವೂ ಬರುತ್ತದೆ, ವೇಗದ ವರ್ಗವೂ ಬರುತ್ತದೆ. ಎರಡನ್ನೂ ಗುಣಿಸಿದರೆ ಅಪ್ಪನ ಶಕ್ತಿ ಮಗಳದಕ್ಕಿಂತ ಎರಡೂವರೆ ಪಟ್ಟು! ತುದಿಯಲ್ಲಿರುವ ಸ್ಪ್ರಿಂಗ್ ಅದೇ, ಅದನ್ನು ನೋಡಿಕೊಳ್ಳುವ ಗೈಡ್ ಅವನೇ. ಬರುತ್ತಿರುವವರ ತೂಕ ಅವನಿಗೆ ಮೊದಲೇ ಗೊತ್ತಿರಬೇಕು.

ಹಗುರವಾದವರ ತೊಂದರೆ ಬೇರೆ. ಅದು ತಿಳಿಯಬೇಕಾದರೆ ತಂತಿಯ ಆಕಾರ ನೋಡಬೇಕು.

ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ ನೆನಪಿಸಿಕೊಳ್ಳಿ. ನಡುವೆ ಒದ್ದೆ ಸೀರೆ ಹಾಕಿದರೆ ತಂತಿ ಜೋಲುತ್ತದೆ. ಜೋಲಬಾರದೆಂದು ಬಿಗಿದು ಕಟ್ಟಿದಿರೋ, ಒಂದು ದಿನ ಗೋಡೆಯ ಮೊಳೆಯೇ ಕಿತ್ತುಬರುತ್ತದೆ. ಸೀರೆಯ ಭಾರ ಹೆಚ್ಚಿಲ್ಲವಲ್ಲ, ಮೊಳೆ ಏಕೆ ಕಿತ್ತಿತು? ಸೀರೆಯನ್ನು ಮೇಲಕ್ಕೆ ಹಿಡಿಯಬೇಕಾದ ತಂತಿ ಬಹುಪಾಲು ಪಕ್ಕಕ್ಕೇ ಎಳೆಯುತ್ತಿರುತ್ತದೆ. ಮೇಲ್ಮುಖವಾಗಿ ಚೂರು ಬಲ ಸಿಗಬೇಕಾದರೂ ಪಕ್ಕಕ್ಕೆ ಬೆಟ್ಟದಷ್ಟು ಬಲ ಬೇಕು. ಜಿಪ್‌ಲೈನಿನಲ್ಲೂ ಇದೇ ಕಥೆ. 100 ಮೀಟರ್ ತಂತಿಯ ನಡುವೆ 80 ಕಿಲೋ ಮನುಷ್ಯ ತೂಗಿದಾಗ ಜೋಲು 5 ಮೀಟರ್ ಇದ್ದರೆ ತಂತಿಯ ಎಳೆತ ಸುಮಾರು 400 ಕಿಲೋ ಭಾರಕ್ಕೆ ಸಮ. ಜೋಲನ್ನು 1 ಮೀಟರಿಗೆ ಇಳಿಸಿದರೆ ಎಳೆತ 2 ಟನ್! ಪೂರ್ತಿ ನೇರವಾಗಿ ನಿಲ್ಲುವ ತಂತಿಯನ್ನು ಯಾವ ಉಕ್ಕಿನಿಂದಲೂ ಮಾಡಲಾಗದು. ತಂತಿ ಜೋಲಲೇಬೇಕು, ಅದರಲ್ಲೇ ಸುರಕ್ಷತೆ.

ಜೋಲುವ ತಂತಿಯ ಮೇಲೆ ಸವಾರ ಸಾಗುವ ದಾರಿ ಯಾವುದು? ನನಗೆ ಬಹಳ ಇಷ್ಟವಾದ ಲೆಕ್ಕ ಇದು. ತಂತಿ ಹಗುರವೆಂದು ಇಟ್ಟುಕೊಂಡರೆ, ಸವಾರನಿಂದ ಎರಡೂ ತುದಿಗಳಿಗಿರುವ ದೂರಗಳ ಮೊತ್ತ ಯಾವಾಗಲೂ ತಂತಿಯ ಉದ್ದವೇ. ಅಂದರೆ ದಾರಿ ದೀರ್ಘವೃತ್ತದ ಒಂದು ತುಂಡು. ಗ್ರಹಗಳು ಸೂರ್ಯನನ್ನು ಸುತ್ತುವ ಅದೇ ಆಕಾರ. ಈ ದಾರಿ ಕೊನೆಯಲ್ಲಿ ತುಸು ಮೇಲಕ್ಕೇರುತ್ತದೆ. ವೇಗ ಸಾಲದ ಹಗುರ ಸವಾರರು ಆ ಏರಿನಲ್ಲಿ ನಿಂತು, ಹಿಂದಕ್ಕೆ ಜಾರಿ, ತಂತಿಯ ನಡುವೆಯೇ ಉಳಿದುಬಿಡುತ್ತಾರೆ. ಆಗ ಗೈಡ್ ತಂತಿ ಹಿಡಿದು ಕೈಮೇಲೆ ಕೈಯಿಟ್ಟು ತೂಗುತ್ತಾ ಹೋಗಿ ಎಳೆದು ತರಬೇಕು. ಪೋರ್ಟೊ ರಿಕೊದಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಎದುರಾದರಂತೂ ಇದು ಇನ್ನೂ ಸುಲಭವಾಗಿ ಆಗುತ್ತದೆ. ಮೊಮ್ಮಗಳನ್ನು ಗೈಡ್ ಜೊತೆ ಕಟ್ಟಿದ್ದು ಅದಕ್ಕೇ.

ಸವಾರರಿಲ್ಲದಾಗ ತನ್ನ ತೂಕಕ್ಕೇ ಜೋಲುವ ತಂತಿಯ ಅಥವಾ ಸರಪಳಿಯ ಬಾಗು ಬೇರೆಯೇ. ಅದು ಪರವಲಯವಲ್ಲ ಎಂದು ಡಚ್ ವಿಜ್ಞಾನಿ ಹೈಗೆನ್ಸ್ ಹದಿಹರೆಯದಲ್ಲಿದ್ದಾಗ, 1646ರಲ್ಲೇ, ತೋರಿಸಿದ್ದ. 1690ರಲ್ಲಿ ಗಣಿತಜ್ಞ ಯಾಕೋಬ್ ಬರ್ನೂಲಿ ಅದರ ನಿಜ ಆಕಾರ ಹೇಳಿ ಎಂದು ಸವಾಲು ಹಾಕಿದಾಗ ಮರುವರ್ಷ ಉತ್ತರ ಕೊಟ್ಟವರು ಮೂವರು: ಲೈಬ್ನಿಜ್, ಹೈಗೆನ್ಸ್ ಮತ್ತು ಯಾಕೋಬನ ತಮ್ಮ ಯೋಹಾನ್.

ಜಿಪ್‌ಲೈನಿಗೆ ಬೇಕಾದ ತಂತಿಹಗ್ಗವನ್ನು ಕೊಟ್ಟವನು ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್. ಗಣಿಯೊಳಗಿಂದ ಭಾರ ಎತ್ತುವ ಸರಪಳಿ ಪದೇ ಪದೇ ಹರಿಯುತ್ತಿತ್ತು. ಒಂದು ಕೊಂಡಿ ಸೋತರೆ ಎಲ್ಲವೂ ಕೆಳಗೆ. ಆಲ್ಬರ್ಟ್ 1834ರಲ್ಲಿ ನಾಲ್ಕು ನಾಲ್ಕು ಕಬ್ಬಿಣದ ತಂತಿಗಳ ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿದ. ಇಲ್ಲಿ ಒಂದು ತಂತಿ ತುಂಡಾದರೆ ಪಕ್ಕದವು ಭಾರ ಹಂಚಿಕೊಳ್ಳುತ್ತವೆ. ಮೇಲಾಗಿ ತುಂಡಾದದ್ದು ಕಣ್ಣಿಗೆ ಕಾಣುತ್ತದೆ. ಇಂದಿಗೂ ಜಿಪ್‌ಲೈನ್ ತಪಾಸಣೆಯಲ್ಲಿ ಹುಡುಕುವುದು ಹೊರಕ್ಕೆ ಚಾಚಿದ ಈ ತುಂಡು ತಂತಿಗಳನ್ನೇ.

ಪೋರ್ಟೊ ರಿಕೊದ ಒರೊಕೊವಿಸ್ ಬೆಟ್ಟಗಳಲ್ಲಿರುವ 'ದಿ ಮಾನ್‌ಸ್ಟರ್' ಜಿಪ್‌ಲೈನ್ ಎರಡು ಕಿಲೋಮೀಟರಿಗೂ ಉದ್ದ. 2018ರಲ್ಲಿ ಯುಎಇಯ ಜೆಬೆಲ್ ಜೈಸ್ ಅದನ್ನು ಮೀರಿಸುವವರೆಗೆ ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲಿ ಸವಾರರನ್ನು ಬೋರಲು ಮಲಗಿಸಿ ಕಳಿಸುತ್ತಾರೆ. ಗಾಳಿಗೆ ಒಡ್ಡುವ ಮೈ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ದಾಖಲೆಯ ಜಾಹೀರಾತುಗಳು ಉದ್ದ, ವೇಗ ಮಾತ್ರ ಹೇಳುತ್ತವೆ. ಅದಕ್ಕಿಂತ ದೊಡ್ಡ ಸಾಧನೆ ನನ್ನ ಲೆಕ್ಕದಲ್ಲಿ ಆ ವೇಗವನ್ನು ನಿಲ್ಲಿಸುವ ಬ್ರೇಕಿನದು.

ಇಂಥ ಪ್ರವಾಸಗಳಲ್ಲಿ ಕೆಸರುದಾರಿಯ ಎಟಿವಿ (ಎಂಥ ನೆಲದಲ್ಲೂ ಓಡುವ ಪುಟ್ಟ ಬಂಡಿ) ಸವಾರಿಯೂ ಸೇರಿರುವುದುಂಟು. ಅದರ ಉಬ್ಬಿದ ಟೈರಿನಲ್ಲಿ ಗಾಳಿಯ ಒತ್ತಡ 5 ಪಿಎಸ್‌ಐ ಆಸುಪಾಸು, ಕಾರಿನದರ ಆರನೇ ಒಂದು ಪಾಲು. ಅದಕ್ಕೇ ಅದು ಮೆತ್ತನೆ ಮಣ್ಣಿನಲ್ಲಿ ಹೂತುಹೋಗುವುದಿಲ್ಲ. ಆದರೆ ಬಂಡಿ ಹಗುರ, ಸವಾರನ ತೂಕವೇ ಅದರ ಸಮತೋಲದ ದೊಡ್ಡ ಪಾಲು. ತಿರುವಿನಲ್ಲಿ ಒಳಕ್ಕೆ, ಏರಿನಲ್ಲಿ ಮುಂದಕ್ಕೆ ಬಾಗಿ ಎಂದು ಗೈಡ್ ಕೂಗುವುದು ಇದಕ್ಕೆ. ಸುಲಭವಾಗಿ ಮಗುಚುತ್ತಿದ್ದ ಮೂರು ಚಕ್ರದ ಎಟಿವಿಗಳ ಮಾರಾಟ ಅಮೆರಿಕದಲ್ಲಿ 1988ರಲ್ಲೇ ನಿಂತಿತು.

ಆದ್ದರಿಂದ ಇಂಥ ಕಡೆ ಹೋದಾಗ ತೂಕ ಕೇಳಿದರೆ ಸಂಕೋಚಪಟ್ಟು ಐದು ಕಿಲೋ ಕಡಿಮೆ ಹೇಳಬೇಡಿ, ಯಂತ್ರದ ಮೇಲೆ ನಿಲ್ಲಿ. ತೂಕವನ್ನೇ ಕೇಳದೆ ಸರಂಜಾಮು ತೊಡಿಸಲು ಬಂದರೆ ದುಡ್ಡು ವಾಪಸ್ ಕೇಳಿ ಹೊರಡಿ.