ಖಡ್ಗ ಬಯಸಿದ ಹುಡುಗ

2020ರಲ್ಲಿ ಊರಿಗೆ ಊರೇ ಮನೆಯೊಳಗೆ ಕುಳಿತಿದ್ದ ದಿನಗಳವು. ಒಂದು ಸಂಜೆ ನನ್ನ ಸೋದರಳಿಯ ಗಣಕಯಂತ್ರವನ್ನು ಆರಿಸಿ ಸುಮ್ಮನೆ ಕುಳಿತಿದ್ದ. “ಆಟ ಬೇಸರವಾಯಿತೇನಯ್ಯ?” ಎಂದೆ. “ಇಲ್ಲ ಮಾವ, ಈಗ ಆಡಿದರೆ ವರ ಕಳೆದುಹೋಗುತ್ತದೆ” ಎಂದ. ಆಟದಲ್ಲಿ ಗೆಲ್ಲುವುದಕ್ಕಾಗಿ ಆಟವನ್ನೇ ಬಿಟ್ಟು ಕೂರುವ ಈ ವೈಚಿತ್ರ್ಯ ನನ್ನನ್ನು ಯೋಚನೆಗೆ ಹಚ್ಚಿತು.

ಅವನು ಆಡುತ್ತಿದ್ದುದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ 2004ರ ನವೆಂಬರಿನಲ್ಲಿ ಹೊರತಂದ ಈ ಆಟದಲ್ಲಿ ಸಾವಿರಾರು ಜನ ಅಂತರಜಾಲದ ಮೂಲಕ ಒಂದೇ ಕಲ್ಪಿತ ಲೋಕದಲ್ಲಿ ಸೇರಿ, ಯೋಧನೆಂದೋ ಮಾಂತ್ರಿಕನೆಂದೋ ವೇಷ ತೊಟ್ಟು ವಿಹರಿಸುತ್ತಾರೆ. ಅಲ್ಲಿನ ಗುಹೆಯೊಂದರಲ್ಲಿ ರಾಗ್ನರೋಸ್ ಎಂಬ ಅಗ್ನಿರಾಜನಿದ್ದಾನೆ. ನಲವತ್ತು ಮಂದಿಯ ಪಡೆಗಳು ತಿಂಗಳುಗಟ್ಟಲೆ ತಡಕಾಡಿ, ಅವನನ್ನು ಮೊದಲ ಸಲ ಕೆಡಹಿದ್ದು 2005ರ ಏಪ್ರಿಲಿನಲ್ಲಿ. 2019ರ ಆಗಸ್ಟಿನಲ್ಲಿ ಸಂಸ್ಥೆಯು ಆ ಹಳೆಯ ಆಟವನ್ನು ಮತ್ತೆ ತೆರೆದಾಗಲಾದರೋ, ವಾರ ತುಂಬುವ ಮೊದಲೇ ಅಗ್ನಿರಾಜ ಉರುಳಿದ! ಈ ಸಲ ಜನರ ಕೈಯಲ್ಲಿ ಹದಿನೈದು ವರ್ಷಗಳ ಲೆಕ್ಕವಿತ್ತು. ಯಾವ ಆಯುಧ ಮೇಲು, ಯಾವ ದಾರಿ ಹತ್ತಿರ, ಎಲ್ಲವೂ ಬರೆದಿಟ್ಟ ಪಾಠ.

ಸೋದರಳಿಯ ಹೇಳಿದ ವರವೂ ಈ ಲೆಕ್ಕಕ್ಕೆ ಸೇರಿದ್ದೇ. ಕೊಂದ ಡ್ರ್ಯಾಗನ್ನಿನ ತಲೆಯನ್ನು ನಗರದಲ್ಲಿ ತೂಗುಹಾಕಿದಾಗ ಅಲ್ಲಿದ್ದವರಿಗೆಲ್ಲ ಎರಡು ಗಂಟೆ ಬಲ ಹೆಚ್ಚುತ್ತದೆ. ಸತ್ತರೆ ಆ ಬಲ ಹೋಯಿತು. ಆಟದಿಂದ ಹೊರಗಿದ್ದರೆ ಗಡಿಯಾರ ನಿಲ್ಲುತ್ತದೆ. ಆದ್ದರಿಂದ ಆಗ ಮುತ್ತಿಗೆಯ ಹೊತ್ತಿನವರೆಗೆ ಹೊರಗೇ ಕಾಯಬೇಕಿತ್ತು!

ಲೆಕ್ಕವೇ ತಪ್ಪೆಂದು ನಾನು ಹೇಳಲಾರೆ. ಅಳಗುಳಿಮಣೆಯ ಮುಂದೆ ಕುಳಿತ ನಮ್ಮ ಅಜ್ಜಿ, ಯಾವ ಗುಳಿಯಿಂದ ಹೊರಟರೆ ಕಾಯಿ ಎಲ್ಲಿ ಮುಗಿಯುವುದೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಆ ಎಣಿಕೆಯೇ ಅವರ ಸಂತೋಷ. ಆದರೆ ತಮ್ಮಂತೆಯೇ ಎಣಿಸಬೇಕೆಂದು ಅವರು ನಮ್ಮನ್ನು ಎಂದೂ ಒತ್ತಾಯಿಸಲಿಲ್ಲ. ಒಬ್ಬನ ಲೆಕ್ಕ ಎಲ್ಲರಿಗೂ ಕಟ್ಟಳೆಯಾದಾಗಲೇ ತೊಡಕು.

ನಮ್ಮ ಹುಡುಗನಿಗೆ ಆದದ್ದೂ ಅದೇ. ಖಡ್ಗ ಹಿಡಿದು ಹೋರಾಡಬೇಕೆಂಬ ಆಸೆಯಿಂದ ಅವನು ಪ್ಯಾಲಡಿನ್ ಎಂಬ ಧರ್ಮಯೋಧನ ವೇಷ ತೊಟ್ಟಿದ್ದ. ಲೆಕ್ಕದ ಪ್ರಕಾರ ಆ ಯೋಧನ ಪೆಟ್ಟು ಹಗುರ. ಗಾಯಗೊಂಡವರ ಆರೈಕೆಗೇ ಅವನು ತಕ್ಕವನು. ತಂಡದವರು ಹಾಗೆಯೇ ವಿಧಿಸಿದರು. ಅವರನ್ನು ದೂರಲಾದೀತೆ? ಒಬ್ಬನ ಹಂಬಲಕ್ಕಾಗಿ ಉಳಿದ ಮೂವತ್ತೊಂಬತ್ತು ಮಂದಿಯ ಸಂಜೆ ಕೆಡಬಾರದಲ್ಲ! ಆದರೂ ಹುಡುಗ ಆಡಲು ಕೂರುವಾಗ ಮುಖದಲ್ಲಿ ಕೆಲಸಕ್ಕೆ ಹೊರಟವನ ಕಳೆಯಿತ್ತು.

ಸಂಸ್ಥೆಗೂ ಇದು ತಿಳಿಯದೆ ಹೋಗಲಿಲ್ಲ. 2021ರ ನವೆಂಬರಿನಲ್ಲಿ ತೆರೆದ ಹೊಸ ಆವೃತ್ತಿಯಲ್ಲಿ, ಮುತ್ತಿಗೆಯ ಗುಹೆಗಳೊಳಗೆ ಆ ವರಗಳು ನಡೆಯದಂತೆ ಮಾಡಿತು. ಆದರೆ ಮನುಷ್ಯನ ಮನಸ್ಸಿನ ಲೆಕ್ಕವನ್ನು ಯಾವ ಸಂಸ್ಥೆ ತಾನೆ ನಿಲ್ಲಿಸೀತು?

ಈಚೆಗೆ ಅವನನ್ನು ಕೇಳಿದೆ: “ಆ ನಲವತ್ತು ಜನರ ತಂಡ ಹೇಗಿದೆಯಯ್ಯ?”

“ಬಿಟ್ಟೆ ಮಾವ. ಈಗ ನಾವು ಐವರು ಗೆಳೆಯರು ಸಣ್ಣಪುಟ್ಟ ಗುಹೆಗಳಿಗೆ ಹೋಗುತ್ತೇವೆ. ಗೆಲ್ಲುವುದು ತಡ, ಎಷ್ಟೋ ಸಲ ಸೋಲುತ್ತೇವೆ.”

“ಮತ್ತೆ ನೀನು?”

ಹುಡುಗ ನಕ್ಕ. “ಖಡ್ಗ ಹಿಡಿದಿದ್ದೇನೆ.”