ಗೋಡೆಯ ಅಳತೆ, ಕಣ್ಣಿನ ಅಳತೆ

ಸಂಜೆ ಏಳು ದಾಟಿದ ಮೇಲೆ ಬೆಂಗಳೂರಿನ ದೀಪಾಂಜಲಿ ನಗರದ ಅಡ್ಡರಸ್ತೆಗಳಲ್ಲಿ ನಡೆದುಹೋಗುವವರಿಗೆ ಧಾರಾವಾಹಿಯ ಕಥೆ ಕಿವಿಯಲ್ಲೇ ಸಿಗುತ್ತದೆ. ಒಂದು ಮನೆಯ ಕಿಟಕಿಯಲ್ಲಿ ಅತ್ತೆ ಎತ್ತಿದ ಮಾತಿಗೆ ಮೂರನೇ ಮನೆಯ ಬಾಗಿಲಲ್ಲಿ ಸೊಸೆಯ ಉತ್ತರ ಕೇಳಿಸುತ್ತದೆ. ಅತ್ತ ಮೈಸೂರು ರಸ್ತೆಯಲ್ಲಿ ಬಸ್ಸುಗಳ ಹಾರ್ನ್ ನಿಲ್ಲುವುದಿಲ್ಲ. ಕಂಬಗಳ ಮೇಲೆ ನೇರಳೆ ಮಾರ್ಗದ ಮೆಟ್ರೊ ಸರಿದುಹೋಗುತ್ತದೆ. 2015ರ ನವೆಂಬರಿನಲ್ಲಿ ಇಲ್ಲಿ ನಿಲ್ದಾಣ ಶುರುವಾದಾಗಿನಿಂದ ಈ ಬಡಾವಣೆಯ ಹೆಸರು ದಿನವಿಡೀ ರೈಲಿನೊಳಗೆ ಮೊಳಗುತ್ತಲೇ ಇದೆ. ಡಿಪೊದಲ್ಲಿ ಬಸ್ಸು ಬಿಟ್ಟು ಬಂದ ಚಾಲಕರು, ಗಾರ್ಮೆಂಟ್ಸ್ ಕೆಲಸ ಮುಗಿಸಿ ಹೂವು, ಸೊಪ್ಪು ಕೊಂಡು ಮನೆ ಸೇರಿದ ಹೆಂಗಸರು, ಟ್ಯೂಷನ್ನಿಂದ ಬಂದ ಮಕ್ಕಳು, ಎಲ್ಲರೂ ಈ ಹೊತ್ತಿಗೆ ಹಾಲ್‌ಗೆ ಬಂದು ಕೂರುತ್ತಾರೆ.

ಅಂಥ ಒಂದು ಹಾಲ್‌ನಲ್ಲಿ ಇವತ್ತು ಟಿವಿಯ ಮುಂದೆ ಒಬ್ಬ ಮೆಕ್ಯಾನಿಕ್ ಮಂಡಿಯೂರಿ ಕೂತಿದ್ದಾನೆ. ದಿವಾನ್ ಮೇಲೆ ಅಜ್ಜಿ, ಕುರ್ಚಿಯಲ್ಲಿ ಮಗ, ಅಡುಗೆಮನೆಯ ಬಾಗಿಲಿಗೆ ಒರಗಿ ಸೊಸೆ. ಟಿವಿಯಲ್ಲಿ ಮಾತು ಸರಿಯಾಗಿಯೇ ಬರುತ್ತಿದೆ. ಚಿತ್ರದ ಬಲಗಡೆ ಮಾತ್ರ ಮೇಲಿನಿಂದ ಕೆಳಗಿನವರೆಗೆ ಹಸಿರು, ನೇರಳೆ ಗೆರೆಗಳು. ಅದರಾಚೆಗೆ ಸುಣ್ಣ ಬಳಿದಂತೆ ಬಿಳಿ ಮಂಜು. ನಾಯಕ ಎಡಗಡೆ ನಿಂತರೆ ಕಾಣುತ್ತಾನೆ, ಬಲಕ್ಕೆ ಹೆಜ್ಜೆಯಿಟ್ಟರೆ ಮಾಯ.

ಎರಡು ವರ್ಷದ ಹಿಂದೆ ಇದೇ ಟಿವಿ ಪೂರ್ತಿ ಕತ್ತಲಾಗಿತ್ತು. ಆಗ ಇದೇ ಮೆಕ್ಯಾನಿಕ್ ಬಂದು, ಹಾಲ್‌ನ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ತೋರಿಸಿದ್ದ. ಕಪ್ಪು ಗಾಜಿನೊಳಗೆ ಸಣ್ಣಗೆ ಆಕೃತಿಗಳು ಓಡಾಡುತ್ತಿದ್ದವು. ಚಿತ್ರ ಇದೆ, ಅದಕ್ಕೆ ಬೆಳಕಿಲ್ಲ ಎಂದರ್ಥ. ನಾವು ಎಲ್‌ಇಡಿ ಟಿವಿ ಎನ್ನುವುದರಲ್ಲಿ ಚಿತ್ರ ಮೂಡಿಸುವುದು ಎಲ್‌ಸಿಡಿ ಪ್ಯಾನೆಲ್. ಆ ಪ್ಯಾನೆಲ್‌ಗೆ ಸ್ವಂತ ಬೆಳಕಿಲ್ಲ. ಅದರ ಹಿಂದೆ ಪಟ್ಟಿ ಪಟ್ಟಿಯಾಗಿ ಜೋಡಿಸಿದ ಪುಟ್ಟ ಎಲ್‌ಇಡಿ ದೀಪಗಳು ಬೆಳಕು ಕೊಡುತ್ತವೆ. ಆ ದೀಪಗಳು ಒಂದೇ ಸಾಲಿನಲ್ಲಿ ಕೋದಿರುವುದರಿಂದ ಒಂದು ಸುಟ್ಟರೆ ಇಡೀ ಸಾಲು ಆರುತ್ತದೆ. ಪಟ್ಟಿ ಬದಲಿಸಿದರೆ ಟಿವಿಗೆ ಮತ್ತೆ ಜೀವ. ಅದು ಸಣ್ಣ ಖರ್ಚಿನ ರಿಪೇರಿ, ಮಾಡಿಸಲೇಬೇಕಾದ ರಿಪೇರಿ.

ಈ ಸಲದ ರೋಗ ಬೇರೆ. ಮೆಕ್ಯಾನಿಕ್ ಪರದೆಯ ಮೇಲಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾನೆ. ಗೆರೆಗಳು ತಟ್ಟನೆ ಮಾಯವಾಗಿ ನಾಯಕನ ಮುಖ ಪೂರ್ತಿ ಕಾಣುತ್ತದೆ. ಬೆರಳು ತೆಗೆದರೆ ಗೆರೆಗಳು ಹಾಜರ್. ಗಾಜಿನ ಅಂಚಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯಂಥ ತೆಳು ಪಟ್ಟಿಗಳ ಮೂಲಕ ಪ್ಯಾನೆಲ್‌ನ ಲಂಬ ಸಾಲುಗಳಿಗೆ ಸಿಗ್ನಲ್ ಹೋಗುತ್ತದೆ. ವರ್ಷಗಟ್ಟಲೆ ಕಾದು ತಣಿದು ಆ ಅಂಟು ಸಡಿಲವಾದರೆ ಹೀಗೆ ಗೆರೆ ಬೀಳುತ್ತದೆ.

“ಅಮ್ಮ, ಪ್ಯಾನೆಲ್ ಹೋಗಿದೆ. ದೀಪದ ಸ್ಟ್ರಿಪ್ ಆಗಿದ್ರೆ ಇವತ್ತೇ ಹಾಕಿಕೊಡ್ತಿದ್ದೆ. ಪ್ಯಾನೆಲ್ ಹಾಕ್ಸೋ ದುಡ್ಡಿಗೆ ಇನ್ನಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ” ಎನ್ನುತ್ತಾನೆ. ಟಿವಿಯ ಬೆಲೆಯಲ್ಲಿ ಅತಿ ದೊಡ್ಡ ಪಾಲು ಪ್ಯಾನೆಲ್‌ನದೇ ಆದ್ದರಿಂದ ಅವನ ಲೆಕ್ಕ ನ್ಯಾಯವಾದದ್ದು. ಅಜ್ಜಿ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, “ಹಾಗಾದ್ರೆ ಹೊಸದು ತರೋಣ ಬಿಡಪ್ಪ” ಎನ್ನುತ್ತಾರೆ.

ಹೊಸದು ತರುವ ಮಾತು ಮೊದಲು ಹೋಗಿ ಮುಟ್ಟುವುದು ಶೋಕೇಸನ್ನು. ಪಶ್ಚಿಮ ಬೆಂಗಳೂರಿನ ಹಳೆಯ ಮನೆಗಳ ಹಾಲ್‌ನಲ್ಲಿ ಒಂದು ಗೋಡೆಯುದ್ದಕ್ಕೂ ಮರದ ಶೋಕೇಸ್ ಇದ್ದೇ ಇರುತ್ತದೆ. ಮೇಲೆ ಮಕ್ಕಳು ಗೆದ್ದ ಕಪ್ಪುಗಳು, ಚನ್ನಪಟ್ಟಣದ ಗೊಂಬೆಗಳು, ಮದುವೆಯ ಫೋಟೊ. ನಟ್ಟನಡುವೆ ಟಿವಿಗೆಂದೇ ಬಿಟ್ಟ ಚೌಕ ಗೂಡು. ಆ ಗೂಡಿನ ಅಳತೆಯಲ್ಲಿ ನಮ್ಮೂರಿನ ಟಿವಿಯ ಇತಿಹಾಸವೇ ಇದೆ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾದಾಗ ಟಿವಿ ಎಂದರೆ ಕಪ್ಪು-ಬಿಳುಪು. ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬನ್ನು ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ತಯಾರಿಸುತ್ತಿತ್ತು. 1982ರಲ್ಲಿ ದೇಶಕ್ಕೆ ಬಣ್ಣ ಬಂತು. 1987ರ ರಾಮಾಯಣದ ಭಾನುವಾರಗಳಲ್ಲಿ ಟಿವಿ ಇದ್ದ ಮನೆ ಬೀದಿಯ ಮನೆಯಾಯಿತು. ಆಮೇಲಿನ ವರ್ಷಗಳಲ್ಲಿ ಬಿಪಿಎಲ್, ಒನಿಡಾ, ವಿಡಿಯೋಕಾನ್ ಎಂಬ ಹೆಸರುಗಳು ಮನೆಮಾತಾದವು. ಇಪ್ಪತ್ತೊಂದು ಇಂಚಿನ ಕಲರ್ ಟಿವಿ ಮಧ್ಯಮವರ್ಗದ ಅಳತೆಯಾಯಿತು. ಬಡಗಿ ಆ ಪೆಟ್ಟಿಗೆಗೆ ತಕ್ಕಂತೆ ಎರಡೂವರೆ ಅಡಿಯ ಗೂಡು ಬಿಟ್ಟ. ಟ್ಯೂಬಿನ ಬಾಲ ಹಿಂದಕ್ಕೆ ಚಾಚುತ್ತಿದ್ದುದರಿಂದ ಆಳವನ್ನೂ ಧಾರಾಳವಾಗಿಯೇ ಇಟ್ಟ.

ಈಗ ಕೆಟ್ಟಿರುವ ಮೂವತ್ತೆರಡು ಇಂಚಿನ ಟಿವಿ ಸುಮಾರು 71 ಸೆಂಟಿಮೀಟರ್ ಅಗಲ. ಹಾಗಾಗಿ ಹಳೆಯ ಗೂಡಿನಲ್ಲೇ ಹಿಡಿಸಿತ್ತು. ನಲವತ್ತಮೂರು ಇಂಚಿಗೆ ಹೋದರೆ ಅಗಲ 95 ಸೆಂಟಿಮೀಟರ್ ಮೀರುತ್ತದೆ, ಅಂದರೆ ಮೂರು ಅಡಿಗೂ ಹೆಚ್ಚು. ಐವತ್ತೈದಕ್ಕೆ ನಾಲ್ಕು ಅಡಿ. ಅಂಗಡಿಯವರು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು, ಗೋಡೆಗೆ ಬೇಕಾಗಿರುವುದು ಅಗಲ ಮತ್ತು ಎತ್ತರ. ಮಗ ಟೇಪು ಹಿಡಿದು ಅಳೆಯುತ್ತಾನೆ. ಶೋಕೇಸಿನ ನಡುವಿನ ಅಡ್ಡಪಟ್ಟಿ ತೆಗೆಸಬೇಕು, ಇಲ್ಲವೇ ಎದುರುಗೋಡೆಗೆ ಟಿವಿ ಹೊಡೆಸಬೇಕು. ಎದುರುಗೋಡೆಗೆ ಪಡುವಣದ ಕಿಟಕಿಯ ಬಿಸಿಲು ನೇರ ಬೀಳುತ್ತದೆ. ಮಧ್ಯಾಹ್ನದ ಮರುಪ್ರಸಾರ ನೋಡುವ ಅಜ್ಜಿಗೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಅಡ್ಡಪಟ್ಟಿ ತೆಗೆಸುವುದೆಂದು ತೀರ್ಮಾನವಾಗುತ್ತದೆ.

ಆಯುಧಪೂಜೆಯ ವಾರ. ಡಿಪೊದ ಬಸ್ಸುಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ. ವಿಜಯನಗರದ ಶೋರೂಮುಗಳ ಮುಂದೆ ಕಮಾನು, ಮೈಕಿನಲ್ಲಿ ಆಫರ್‌ಗಳ ಕೂಗು. ಒಳಗೆ ಒಂದು ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಗಿಳಿಯ ರೆಕ್ಕೆ, ಹವಳದ ಬಂಡೆ, ನೀರಿಗೆ ಬೀಳುವ ನಿಂಬೆಹೋಳು. ಬಣ್ಣ ಎಷ್ಟು ಕಡುವೆಂದರೆ ಒಂದನ್ನು ನೋಡಿ ಇನ್ನೊಂದಕ್ಕೆ ಕಣ್ಣು ಹೊರಳಿಸುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದೆ. ಆ ವಿಡಿಯೊಗಳು ಪ್ರದರ್ಶನಕ್ಕೆಂದೇ ಮಾಡಿದಂಥವು. ಅಂಗಡಿಯ ಝಗಮಗ ಬೆಳಕಿನಲ್ಲೂ ಎದ್ದು ಕಾಣಲೆಂದು ಬೆಳಕನ್ನೂ ಬಣ್ಣವನ್ನೂ ತುತ್ತತುದಿಗೆ ಏರಿಸಿಟ್ಟಿರುತ್ತಾರೆ. ಮನೆಯಲ್ಲಿ ಯಾರೂ ಟಿವಿಯನ್ನು ಆ ಬೆಳಕಿನಲ್ಲಿ ನೋಡುವುದಿಲ್ಲ. ನೋಡಿದರೆ ಕಣ್ಣು ದಣಿಯುತ್ತದೆ, ಹಿಂದಿನ ದೀಪದ ಪಟ್ಟಿಗಳೂ ಬೇಗ ಸುಡುತ್ತವೆ.

ಸೇಲ್ಸ್ ಹುಡುಗ ಉತ್ಸಾಹದಿಂದ ವಿವರಿಸುತ್ತಿದ್ದಾನೆ. ಕ್ಯೂಎಲ್‌ಇಡಿ, ಒಎಲ್‌ಇಡಿ, ಫೋರ್‌ಕೆ. ಒಂದಕ್ಷರದ ವ್ಯತ್ಯಾಸದ ಹಿಂದೆ ದೊಡ್ಡ ವ್ಯತ್ಯಾಸವಿದೆ. ಕ್ಯೂಎಲ್‌ಇಡಿ ಕೂಡ ಹಿಂದಿನಿಂದ ಬೆಳಕು ಬೇಕಾದ ಎಲ್‌ಸಿಡಿಯೇ. ಬಣ್ಣ ಚೊಕ್ಕವಾಗಲೆಂದು ಅದಕ್ಕೊಂದು ವಿಶೇಷ ಪದರ ಸೇರಿಸಿರುತ್ತಾರೆ. ಒಎಲ್‌ಇಡಿಯಲ್ಲಿ ಮಾತ್ರ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದ್ದರಿಂದಲೇ ಅದರ ಕಪ್ಪು ನಿಜವಾದ ಕಪ್ಪು, ಬೆಲೆಯೂ ಹಾಗೆಯೇ ಮೇಲೆ.

ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ, “ಗಿಳಿ ಚೆನ್ನಾಗಿದೆ ಕಣಪ್ಪ. ನಮ್ಮ ಸೀರಿಯಲ್ ಹಾಕಿ ತೋರ್ಸು” ಎನ್ನುತ್ತಾರೆ.

ಆ ದಿನ ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು, ಎಲ್ಲರೂ ಕೇಳಬೇಕಾದದ್ದೂ ಅದೇ. ಹುಡುಗ ಒಂದು ಸೆಟ್‌ಟಾಪ್ ಬಾಕ್ಸ್ ತಂದು ಜೋಡಿಸುತ್ತಾನೆ. ಐವತ್ತೈದು ಇಂಚಿನ ಪರದೆಯಲ್ಲಿ ಸಾಮಾನ್ಯ ಕೇಬಲ್ ಚಾನೆಲ್ ಬಂದದ್ದೇ ಮುಖಗಳ ಅಂಚು ಕಲೆಸಿಹೋಗಿ, ಸೀರೆಯ ಝರಿ ಬರೀ ಹಳದಿ ಪಟ್ಟಿಯಾಗುತ್ತದೆ. ಕಾರಣ ಲೆಕ್ಕದಲ್ಲಿದೆ. ಇಂಥ ಎಸ್‌ಡಿ ಚಾನೆಲ್ಲಿನ ಚಿತ್ರ ಹೆಚ್ಚೆಂದರೆ 720 x 576 ಚುಕ್ಕಿಗಳದ್ದು. ಫೋರ್‌ಕೆ ಪರದೆಯಲ್ಲಿರುವುದು 3840 x 2160 ಚುಕ್ಕಿ. ಚಾನೆಲ್ಲಿನ ಒಂದೊಂದು ಚುಕ್ಕಿಯನ್ನೂ ಪರದೆಯ ಇಪ್ಪತ್ತು ಚುಕ್ಕಿಗಳಿಗೆ ಹಿಗ್ಗಿಸಬೇಕು. ಪರದೆ ದೊಡ್ಡದಾದಷ್ಟೂ ಆ ಹಿಗ್ಗು ಎದ್ದು ಕಾಣುತ್ತದೆ. ನಲವತ್ತಮೂರು ಇಂಚಿನಲ್ಲಿ ಅದೇ ದೃಶ್ಯ ಹೆಚ್ಚು ಅಚ್ಚುಕಟ್ಟು. ದಿವಾನ್‌ನಿಂದ ಶೋಕೇಸಿಗೆ ಎಂಟು ಅಡಿ. ಆ ದೂರದಿಂದ ನಲವತ್ತಮೂರು ಇಂಚಿನ ಫುಲ್ ಎಚ್‌ಡಿಯ ಚುಕ್ಕಿಗಳನ್ನೇ ಒಳ್ಳೆಯ ಕಣ್ಣು ಕೂಡ ಬಿಡಿಬಿಡಿಯಾಗಿ ಗುರುತಿಸಲಾರದು. ಎಪ್ಪತ್ತು ದಾಟಿದ ಕಣ್ಣಿಗೆ ಮುಖ್ಯವಾದದ್ದು ಮುಖ ಸ್ಪಷ್ಟವಾಗಿ ಕಾಣುವುದು, ಸುದ್ದಿಯ ಪಟ್ಟಿಯ ಅಕ್ಷರ ಓದಲು ಬರುವುದು.

ಸೊಸೆಯ ಪರೀಕ್ಷೆ ಇನ್ನೊಂದು ಬಗೆಯದು. ಮನೆಯಲ್ಲಿ ಅವಳಿಗೆ ಟಿವಿಯ ಎದುರು ಕೂರಲು ಆಗುವುದೇ ಇಲ್ಲ. ಅಡುಗೆಮನೆಯ ಬಾಗಿಲಿನಿಂದ ಓರೆಯಾಗಿ ನೋಡುತ್ತ ಚಪಾತಿ ಲಟ್ಟಿಸುವವಳು ಅವಳು. ಅಂಗಡಿಯಲ್ಲೂ ಪಕ್ಕಕ್ಕೆ ಸರಿದು ನಿಂತು ನೋಡುತ್ತಾಳೆ. ಒಂದು ಟಿವಿಯ ಬಣ್ಣ ಓರೆಗಣ್ಣಿಗೆ ಪೇಲವವಾಗುತ್ತದೆ, ಇನ್ನೊಂದರದು ಹಾಗೇ ನಿಲ್ಲುತ್ತದೆ. ವಿಎ ಎಂಬ ಬಗೆಯ ಪ್ಯಾನೆಲ್‌ಗಳಿಗೆ ಗಾಢ ಕಪ್ಪಿನ ಗುಣವಿದೆ, ಬದಿಯಿಂದ ನೋಡಿದರೆ ಬಣ್ಣ ಇಳಿಯುವ ದೋಷವೂ ಇದೆ. ಐಪಿಎಸ್ ಎಂಬ ಬಗೆಯವುಗಳಲ್ಲಿ ಕಪ್ಪು ಸ್ವಲ್ಪ ಬೂದಿಯೆನಿಸಿದರೂ ಬದಿಯಲ್ಲಿ ಕೂತವರಿಗೆ ಮೋಸವಿಲ್ಲ. ನಾಲ್ಕು ಜನ ನಾಲ್ಕು ಮೂಲೆಯಲ್ಲಿ ಕೂರುವ ಹಾಲ್‌ಗೆ ಎರಡನೆಯದೇ ಸರಿ. ಡಬ್ಬದ ಮೇಲೆ ಪ್ಯಾನೆಲ್ ಯಾವುದೆಂದು ಬರೆದಿರದಿದ್ದರೂ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಉತ್ತರ ಸಿಗುತ್ತದೆ.

ಇನ್ನು ಸೌಂಡು. ತೆಳ್ಳಗಿನ ಟಿವಿಗಳಲ್ಲಿ ದೊಡ್ಡ ಸ್ಪೀಕರ್‌ಗೆ ಜಾಗವಿಲ್ಲ. ಇದ್ದವೂ ಸಾಮಾನ್ಯವಾಗಿ ಕೆಳಮುಖವಾಗಿರುತ್ತವೆ. ಹಿನ್ನೆಲೆ ಸಂಗೀತ ಜೋರಾಗಿ, ಮಾತು ಅದರೊಳಗೆ ಹೂತುಹೋಗುತ್ತದೆ. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ಸ, ಶ, ತ, ಕಗಳಂಥ ತೆಳು ಧ್ವನಿಗಳು. ಅದಕ್ಕೇ ಅಜ್ಜ ಅಜ್ಜಿಯರಿರುವ ಮನೆಗಳಲ್ಲಿ ಟಿವಿ ಬೀದಿಗೆಲ್ಲ ಕೇಳುವುದು. ಮಾತನ್ನು ಮುಂದೆ ತರುವ ಸೆಟ್ಟಿಂಗ್ ಇರುವ ಟಿವಿಯನ್ನು ಹುಡುಗ ತೋರಿಸುತ್ತಾನೆ. ಅಜ್ಜಿ ಕಣ್ಣು ಮುಚ್ಚಿ ಕೇಳಿ, “ಇದರಲ್ಲಿ ಮಾತು ಗೊತ್ತಾಗುತ್ತೆ” ಎನ್ನುತ್ತಾರೆ. ರಿಮೋಟನ್ನೂ ಕೈಗೆ ತೆಗೆದುಕೊಂಡು ನೋಡುತ್ತಾರೆ. ಟಿವಿ ಹಾಕಿದೊಡನೆ ಸಿನಿಮಾ ಆ್ಯಪ್‌ಗಳ ಸಂತೆ ಕಂಡರೆ ಅವರಿಗೆ ದಾರಿ ತಪ್ಪುತ್ತದೆ. ಆನ್ ಮಾಡಿದ ಕೂಡಲೇ ನೇರವಾಗಿ ಕೇಬಲ್ಲಿಗೇ ಹೋಗುವಂತೆ ಹೊಂದಿಸಲು ಬರುತ್ತದೆಯೇ ಎಂದು ಮಗ ಕೇಳಿ, ಅಲ್ಲೇ ಮಾಡಿಸಿ ನೋಡುತ್ತಾನೆ.

ಉಳಿದದ್ದು ಬೇಗ ಮುಗಿಯುತ್ತದೆ. ಮೂವತ್ತೆರಡು ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಸಣ್ಣ ಟಿವಿಗೂ ದೊಡ್ಡದಕ್ಕೂ ಈಗ ಒಂದೇ ತೆರಿಗೆ. ಪ್ಯಾನೆಲ್‌ಗೆ ಎಷ್ಟು ವರ್ಷ ವಾರಂಟಿ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲೇ ನೋಡಬೇಕು. ಸ್ಟಾರ್ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನು ಓದಬೇಕು. ಮನೆಯ ಸೆಟ್‌ಟಾಪ್ ಬಾಕ್ಸನ್ನೂ ನೆನಪಿಡಬೇಕು. 2013ರ ಮಾರ್ಚ್ ಅಂತ್ಯದ ಗಡುವಿನೊಂದಿಗೆ ಬೆಂಗಳೂರಿನ ಕೇಬಲ್ ಡಿಜಿಟಲ್ ಆದಾಗ ಕೂರಿಸಿದ ಬಾಕ್ಸೇ ಇನ್ನೂ ಇದ್ದರೆ, ಅದರ ಕೆಂಪು-ಬಿಳಿ-ಹಳದಿ ವೈರಿಗೆ ಹೊಸ ಟಿವಿಯಲ್ಲಿ ತೂತೇ ಇಲ್ಲದಿರಬಹುದು. ಕೇಬಲ್‌ನವರಿಗೆ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿಕೊಂಡರೆ, ಟಿವಿಗೆ ಕೊಟ್ಟ ದುಡ್ಡು ಕಣ್ಣಿಗೆ ದಕ್ಕುತ್ತದೆ.

ಕೆಟ್ಟ ಟಿವಿಯ ಗತಿಯೂ ಆಯ್ಕೆಯ ಭಾಗವೇ. ಇದೇ ಮೈಸೂರು ರಸ್ತೆಯಲ್ಲಿ ಸ್ವಲ್ಪ ಮುಂದಿರುವ ಗೋರಿಪಾಳ್ಯದಲ್ಲಿ ಹಳೆಯ ಎಲೆಕ್ಟ್ರಾನಿಕ್ಸ್ ಬಿಚ್ಚುವ ಗುಜರಿ ಕಸುಬು ಬಹುಕಾಲದಿಂದ ಇದೆ. ಬರಿಗೈಯಲ್ಲಿ ಬೋರ್ಡು ಬಿಚ್ಚುವವರ ಆರೋಗ್ಯಕ್ಕೆ ಅದು ಒಳ್ಳೆಯದಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಂತೂ ಸೀಸವಿರುತ್ತದೆ. ದೇಶದಲ್ಲಿ ಇ-ತ್ಯಾಜ್ಯ ಮರುಬಳಕೆಗೆ ಅಧಿಕೃತವಾಗಿ ನಾಂದಿ ಹಾಡಿದ ಘಟಕಗಳಲ್ಲೊಂದಾದ ಇ-ಪರಿಸರ ನಮ್ಮ ಡಾಬಸ್‌ಪೇಟೆಯಲ್ಲೇ ಇದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳು ಹಳೆಯ ಸಾಮಾನಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಎಕ್ಸ್‌ಚೇಂಜ್‌ಗೆ ಕೊಡುವಾಗ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಮಾತು ಕೇಳುವುದು ಗ್ರಾಹಕನ ಹಕ್ಕೂ ಹೌದು, ಧರ್ಮವೂ ಹೌದು.

ಕೊನೆಗೆ ಈ ಮನೆಯವರು ಆರಿಸಿದ್ದು ನಲವತ್ತಮೂರು ಇಂಚಿನ, ಗೋಡೆಯ ಸಾಲಿನಲ್ಲಿ ಯಾರ ಕಣ್ಣಿಗೂ ಮೊದಲು ಬೀಳದ ಒಂದು ಟಿವಿ. ಇವತ್ತು ಬಹುಪಾಲು ಮನೆಗಳಲ್ಲಿ ಟಿವಿ ಆರಿಸುವವರು ದುಡಿಯುವ ಮಕ್ಕಳು. ಅವರು ರಾತ್ರಿ ಮೊಬೈಲಿನಲ್ಲಿ ರೇಟಿಂಗ್ ನೋಡಿ ಆರ್ಡರ್ ಹಾಕುತ್ತಾರೆ, ತಾವು ಮಾತ್ರ ಸಿನಿಮಾ, ಕ್ರಿಕೆಟ್ ಎಲ್ಲವನ್ನೂ ಆ ಮೊಬೈಲಿನಲ್ಲೇ ನೋಡುತ್ತಾರೆ. ಮನೆಯ ಟಿವಿಯ ಮುಂದೆ ಇಡೀ ದಿನ ಕಳೆಯುವವರು ಹೊರಗೆ ಹೆಚ್ಚು ಓಡಾಡಲಾರದ ಅಪ್ಪ ಅಮ್ಮ, ಅಜ್ಜ ಅಜ್ಜಿ. ಬೆಳಗಿನ ಭಜನೆಯಿಂದ ರಾತ್ರಿಯ ವಾರ್ತೆಯವರೆಗೆ ಅವರಿಗೆ ಅದೇ ಜೊತೆ. ಹಾಗಿರುವಾಗ ಟಿವಿ ಕೊಳ್ಳಲು ಹೊರಟ ದಿನ ಆಟೊದಲ್ಲಿ ಮೊದಲ ಜಾಗ ಅವರಿಗೇ ಸಲ್ಲಬೇಕು. ಅಂಗಡಿಯಲ್ಲಿ ಅವರಿಗೊಂದು ಕುರ್ಚಿ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂರಿಸಿ, ಅವರ ಚಾನೆಲ್ ಹಾಕಿಸಿ, ರಿಮೋಟನ್ನು ಅವರ ಕೈಗೇ ಕೊಡಿ. ಅವರ ಕಣ್ಣಿಗೆ, ಕಿವಿಗೆ, ಬೆರಳಿಗೆ ಒಪ್ಪಿದ್ದನ್ನೇ ತನ್ನಿ.