ಸರದಿಯಲ್ಲಿ ಒಂದೇ ಕೆಲಸ ಎರಡು ಸಲ ನಿಂತರೆ



ಹೋಟೆಲಿನ ಮಾಣಿ ಅಡುಗೆಮನೆಯತ್ತ ತಿರುಗಿ “ಐದನೇ ಮೇಜಿಗೆ ಒಂದು ಮಸಾಲೆ ದೋಸೆ” ಎಂದು ಕೂಗುತ್ತಾನೆ. ಎರಡು ನಿಮಿಷ ಕಳೆದು ಮತ್ತೆ ಅದೇ ಕೂಗು. ಈಗ ಹೊಯ್ಯಬೇಕಾದದ್ದು ಒಂದು ದೋಸೆಯೋ, ಎರಡೋ? ಗಿರಾಕಿ ಅವಸರಪಡಿಸಿದ್ದರೆ ಒಂದು. ಆ ಮೇಜಿಗೆ ಇನ್ನೊಬ್ಬರು ಬಂದಿದ್ದರೆ ಎರಡು. ಇಂಥದೇ ಪ್ರಶ್ನೆ ಗಣಕಯಂತ್ರಕ್ಕೂ ಎದುರಾಗುತ್ತದೆ.

ದೊಡ್ಡ ತಂತ್ರಾಂಶವನ್ನು ಹಲವರು ಸೇರಿ ಬರೆಯುತ್ತಾರೆ. ಯಾರೇ ತಿದ್ದುಪಡಿ ಮಾಡಲಿ, ಇಡೀ ತಂತ್ರಾಂಶವನ್ನು ಮತ್ತೆ ಜೋಡಿಸಿ ಪರೀಕ್ಷಿಸಬೇಕು. ಇದನ್ನು ತಾನಾಗಿಯೇ ಮಾಡುವ ಸರ್ವರ್‌ಗಳಲ್ಲಿ ಜೆಂಕಿನ್ಸ್ ಪ್ರಸಿದ್ಧವಾದದ್ದು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಅವರು ‘ಹಡ್ಸನ್’ ಎಂದು ಆರಂಭಿಸಿದ ಈ ತಂತ್ರಾಂಶಕ್ಕೆ 2011ರಲ್ಲಿ ಈಗಿನ ಹೆಸರು ಬಂತು.

ಯಂತ್ರಕ್ಕೆ ಬಿಡುವಿಲ್ಲದಾಗ ಬಂದ ಕೆಲಸ ಸರದಿಯಲ್ಲಿ ಕಾಯುತ್ತದೆ. ಹತ್ತು ನಿಮಿಷದಲ್ಲಿ ಎಂಟು ತಿದ್ದುಪಡಿ ಬಂದರೆ ಎಂಟು ಸಲ ಜೋಡಿಸಬೇಕೇ? ಬೇಕಿಲ್ಲ. ಇತ್ತೀಚಿನದನ್ನು ಜೋಡಿಸಿದರೆ ಹಿಂದಿನ ಏಳೂ ಅದರಲ್ಲಿ ಸೇರಿರುತ್ತವೆ. ಆದ್ದರಿಂದ ಕೆಲಸದ ಹೆಸರೂ ಅದಕ್ಕೆ ಕೊಟ್ಟ ಪ್ಯಾರಾಮೀಟರ್‌ಗಳೂ ಒಂದೇ ಆಗಿದ್ದರೆ, ಜೆಂಕಿನ್ಸ್ ಹೊಸ ಕೋರಿಕೆಯನ್ನು ಕಾಯುತ್ತಿರುವ ಹಳೆಯದರಲ್ಲಿ ವಿಲೀನ ಮಾಡುತ್ತದೆ. ಒಂದು ಪ್ಯಾರಾಮೀಟರ್ ಬೇರೆಯಾದರೂ ಅದು ಬೇರೆಯೇ ಕೆಲಸ. ಕೋರಿಕೆ ಕಳುಹಿಸುವ ಸ್ಕ್ರಿಪ್ಟ್ ಪ್ರತಿ ಸಲವೂ ಆ ಕ್ಷಣದ ಗಂಟೆ-ನಿಮಿಷ-ಸೆಕೆಂಡನ್ನು ಪ್ಯಾರಾಮೀಟರ್ ಆಗಿ ಕೊಟ್ಟಿತೆನ್ನಿ. ಆಗ ಯಾವ ಎರಡು ಕೋರಿಕೆಗಳೂ ಒಂದೇ ಎನಿಸುವುದಿಲ್ಲ; ಸರದಿ ಬೆಳೆಯುತ್ತಲೇ ಹೋಗುತ್ತದೆ.

ಆಗ ನಾವು ಗ್ರೂವಿ ಭಾಷೆಯಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದು, ಸರದಿಯನ್ನು ಓದಿ, ಹೆಚ್ಚಿನವನ್ನು ರದ್ದು ಮಾಡಬಹುದು. ಇಲ್ಲಿ ಎಚ್ಚರ ಅಗತ್ಯ. ಹೆಸರನ್ನು ಮಾತ್ರ ಹೋಲಿಸಿದರೆ ಏನಾದೀತು? ‘ಬಿಡುಗಡೆ’ ಎಂಬ ಕೆಲಸ ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಒಂದು ಎಂದು ಕಾಯುತ್ತಿದೆ ಎಂದುಕೊಳ್ಳಿ. ಎರಡನೆಯದನ್ನು ನಕಲೆಂದು ಅಳಿಸಿದರೆ ಲಿನಕ್ಸ್ ಬಳಸುವವರಿಗೆ ಭದ್ರತೆಯ ತಿದ್ದುಪಡಿ ತಲುಪುವುದೇ ಇಲ್ಲ. ಸರದಿಯಲ್ಲೇ ರದ್ದಾದ ಕೆಲಸ ಆರಂಭವಾಗಿಯೇ ಇರುವುದಿಲ್ಲವಾದ್ದರಿಂದ, ‘ವಿಫಲವಾಯಿತು’ ಎಂಬ ಕೆಂಪು ಗುರುತೂ ಕಾಣದು. ನಷ್ಟ ಸದ್ದಿಲ್ಲದೆ ಆಗಿಹೋಗುತ್ತದೆ.

ಇನ್ನೊಂದು ಅಂಶ. ಕೆಲಸವೊಂದು ನಡೆಯುತ್ತಿರುವಾಗಲೇ ಅದೇ ಕೋರಿಕೆ ಮತ್ತೆ ಬಂದರೆ ಅದನ್ನು ತಿರಸ್ಕರಿಸಬಾರದು. ನಡೆಯುತ್ತಿರುವ ಕೆಲಸ ಹಳೆಯ ಪ್ರತಿಯನ್ನು ಆಗಲೇ ಕೈಗೆತ್ತಿಕೊಂಡಿದೆ. ಅದರ ನಂತರ ಬಂದ ತಿದ್ದುಪಡಿ ಅದರಲ್ಲಿಲ್ಲ. ಆದ್ದರಿಂದ ಇತ್ತೀಚಿನ ಪ್ರತಿಯನ್ನು ಜೋಡಿಸುವ ಕೆಲಸಗಳಿಗೆ ಸೂತ್ರ ಇಷ್ಟೇ: ಒಂದು ನಡೆಯುತ್ತಿರಲಿ, ಒಂದು ಕಾಯುತ್ತಿರಲಿ, ಮೂರನೆಯದು ಕಾಯುವುದರಲ್ಲಿ ಸೇರಿಕೊಳ್ಳಲಿ.

ಇಷ್ಟಾದರೂ ಸಂದು ಉಳಿಯುತ್ತದೆ. ಸ್ಕ್ರಿಪ್ಟ್ ಸರದಿಯನ್ನು ನೋಡಿ “ಇಲ್ಲ” ಎಂದು ತಿಳಿದು, ಕೆಲಸ ಸೇರಿಸುವಷ್ಟರಲ್ಲಿ ಇನ್ನೊಂದು ಸ್ಕ್ರಿಪ್ಟ್ ಅದನ್ನೇ ಸೇರಿಸಿರಬಹುದು. ಹಾಗಾಗಿ ಸರದಿಯ ಕಾವಲೊಂದನ್ನೇ ನೆಚ್ಚದೆ, ಎರಡು ಸಲ ನಡೆದರೂ ಫಲ ಒಂದೇ ಆಗುವಂತೆ ಕೆಲಸವನ್ನೇ ರೂಪಿಸುವುದು ಜಾಣತನ. ಉದಾಹರಣೆಗೆ, ಬಿಡುಗಡೆ ಮಾಡುವ ಮೊದಲು “ಈ ಆವೃತ್ತಿ ಆಗಲೇ ಹೊರಬಂದಿದೆಯೇ?” ಎಂದು ಕೆಲಸವೇ ಪರೀಕ್ಷಿಸಿಕೊಳ್ಳಲಿ.

ಕೊನೆಯಲ್ಲಿ ನಿಮಗೊಂದು ಪ್ರಶ್ನೆ. ಒಂದೇ ಕಡತ ಎರಡು ಸಲ ಮುದ್ರಣವಾದರೆ ನಾಲ್ಕು ಹಾಳೆ ನಷ್ಟ. ಒಂದೇ ಶುಲ್ಕ ಎರಡು ಸಲ ಪಾವತಿಯಾದರೆ? ಪಾವತಿಯ ಎರಡು ಕೋರಿಕೆಗಳು ‘ಒಂದೇ’ ಎಂದು ಹೇಳಲು ಯಾವ ಯಾವ ವಿವರಗಳು ಹೊಂದಬೇಕು? ಪಟ್ಟಿ ಮಾಡಿ, ಗೆಳೆಯರೊಡನೆ ಚರ್ಚಿಸಿ. ಸ್ಕ್ರಿಪ್ಟಿನ ಮೊದಲ ಸಾಲನ್ನು ಆಮೇಲೆ ಬರೆಯಬಹುದು.